ಗೋಲು ಹೊಡೆದವರ ಪಕ್ಕದಲ್ಲಿ ಚೆಂಡು ಕೊಟ್ಟವರ ಹೆಸರೂ ಬರಲಿ

ಸಂಪಾದಕರಿಗೆ,

ಮಾನ್ಯರೇ,

ಹೋದ ವಾರ ತಮ್ಮ ಕ್ರೀಡಾಪುಟದ ಕೆಳಮೂಲೆಯಲ್ಲಿ ಒಂದು ಸಣ್ಣ ಪಟ್ಟಿ ಬಂದಿತ್ತು. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಆಡಿದಷ್ಟೂ ವರ್ಷ ಸೇರಿ ಅತಿ ಹೆಚ್ಚು ಗಜ ಪಾಸ್ ಮಾಡಿದ ಕ್ವಾರ್ಟರ್‌ಬ್ಯಾಕ್‌ಗಳದು, ಅಂದರೆ ತಂಡದವರಿಗೆ ಚೆಂಡು ಎಸೆದು ಕೊಡುವವರದು. ಟಾಮ್ ಬ್ರೇಡಿ 89,214. ಡ್ರೂ ಬ್ರೀಸ್ 80,358. ಪೇಟನ್ ಮ್ಯಾನಿಂಗ್ 71,940. ಬ್ರೆಟ್ ಫಾರ್ವ್ 71,838. ಅದೇ ಪುಟದ ಮೇಲ್ಗಡೆ ನಮ್ಮ ಜಿಲ್ಲೆಯ ಒಂದು ಹಾಕಿ ಪಂದ್ಯದ ವರದಿ. ಏಳು ಗೋಲು ಬಿದ್ದ ಪಂದ್ಯ. ಏಳನ್ನೂ ಯಾರು ಹೊಡೆದರು, ಎಷ್ಟನೇ ನಿಮಿಷದಲ್ಲಿ ಹೊಡೆದರು ಎಂಬುದು ಚಾಚೂ ತಪ್ಪದೆ ಇದೆ. ಆ ಏಳು ಸಲ ಚೆಂಡನ್ನು ಅವರ ಸ್ಟಿಕ್ಕಿಗೆ ತಂದುಕೊಟ್ಟವರು ಯಾರು ಎಂಬುದು ಮಾತ್ರ ಒಂದು ಸಾಲಿನಲ್ಲೂ ಇಲ್ಲ. ಎರಡನ್ನೂ ಒಂದೇ ಪುಟದಲ್ಲಿ ಓದಿದ ಮೇಲೆ ಈ ಪತ್ರ ಬರೆಯದೆ ಇರಲಾಗಲಿಲ್ಲ.

ನಾನು ನಾಪೋಕ್ಲು ಕಡೆಯವಳು. 1987ರಿಂದ 2022ರವರೆಗೆ ಶಾಲೆಯಲ್ಲಿ ಪಿ.ಟಿ. ಟೀಚರ್ ಆಗಿದ್ದೆ. ನಮ್ಮದು ಅರೆಭಾಷೆ ಗೌಡರ ಮನೆ. ಹಾಗಾಗಿ ಕೊಡವ ಮನೆತನಗಳು ಆಡುವ ಹಾಕಿ ಹಬ್ಬವಾದ ಕೊಡವ ಹಾಕಿ ನಮ್ಮೆಯಲ್ಲಿ ನಮ್ಮ ಮನೆತನದ ತಂಡ ಇರುವುದಿಲ್ಲ. ಆದರೆ ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ 60 ಮನೆತನಗಳನ್ನು ಸೇರಿಸಿ ಅದನ್ನು ಶುರು ಮಾಡಿದಾಗಿನಿಂದ ಮೈದಾನದ ಬದಿಯಲ್ಲಿ ಕೂತು ನೋಡಿದವಳು. 2024ರಲ್ಲಿ ನಮ್ಮ ನಾಪೋಕ್ಲಿನಲ್ಲೇ 360 ತಂಡಗಳು ಆಡಿದಾಗಲೂ ದಿನಾ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೋಗಿದ್ದೆ. ಹಾಕಿ ನನಗೆ ಹೊಸದಲ್ಲ. ಅಮೆರಿಕನ್ ಫುಟ್‌ಬಾಲ್ ಹೊಸದು, ಅದನ್ನು ನನಗೆ ತೋರಿಸಿದವನು ನನ್ನ ತಮ್ಮನ ಮಗ.

ಅದು 2018ರ ಅಕ್ಟೋಬರ್ 9, ಮಂಗಳವಾರ. ಆ ವರ್ಷದ ಆಗಸ್ಟ್ ಏನು ಮಾಡಿತೆಂದು ಕೊಡಗಿನವರಿಗೆ ನಾನು ಹೇಳಬೇಕಿಲ್ಲ. ಮಕ್ಕಂದೂರು ಕಡೆ ಕೊಟ್ಟಿದ್ದ ನನ್ನ ತಂಗಿಯ ಮನೆಯ ಹಿಂದಿನ ಗುಡ್ಡದ ಬರೆ ಮಳೆಗೆ ಜರಿದು, ಅವರು ಐವರೂ ಉಟ್ಟ ಬಟ್ಟೆಯಲ್ಲಿ ನಮ್ಮಲ್ಲಿಗೆ ಬಂದಿದ್ದರು. ಎರಡು ತಿಂಗಳಾದರೂ ಹೊರಗೆ ಲಾರಿಯ ಸದ್ದು ಕೇಳಿದರೆ ತಂಗಿ ಎದ್ದು ಕೂರುತ್ತಿದ್ದಳು. ತಮ್ಮನ ಮಗ ಆಗ ಓದಲೆಂದು ಲೂಯಿಸಿಯಾನಕ್ಕೆ ಹೋಗಿದ್ದ. ಅವತ್ತು ಬೆಳಿಗ್ಗೆ ಆರೂವರೆಗೆ ಫೋನು ಮಾಡಿ, "ಅತ್ತೆ, ನೆಟ್‌ವರ್ಕ್ ಸಿಗುವ ಕಡೆ ಹೋಗಿ ನಿಂತುಕೊಳ್ಳಿ, ಒಂದು ತೋರಿಸುತ್ತೇನೆ" ಅಂದ. ನಮ್ಮಲ್ಲಿ ನೆಟ್‌ವರ್ಕ್ ಸಿಗುವುದು ಕಾಫಿ ಕಣದ ಪೂರ್ವದ ಮೂಲೆಯಲ್ಲಿ ಮಾತ್ರ. ಅಲ್ಲಿಗೆ ಹೋಗಿ ನಿಂತೆ. ತಂಗಿಯೂ ಶಾಲು ಹೊದ್ದು ಬಂದು ಪಕ್ಕ ನಿಂತಳು. ಅವನು ಅಲ್ಲಿ ಟಿವಿಯ ಎದುರು ಫೋನು ಹಿಡಿದಿದ್ದ.

ಅದು ನ್ಯೂ ಆರ್ಲಿಯನ್ಸ್‌ನ ಸೂಪರ್‌ಡೋಮ್. 2005ರಲ್ಲಿ ಕತ್ರೀನಾ ಚಂಡಮಾರುತ ಬಂದು ಊರು ನೀರಿನಲ್ಲಿ ಮುಳುಗಿದಾಗ ಸಾವಿರಾರು ಜನ ಆಸರೆ ಪಡೆದದ್ದು ಇದೇ ಕ್ರೀಡಾಂಗಣದೊಳಗೆ ಎಂದು ಹುಡುಗ ಹೇಳಿದ. ತಂಗಿ ಫೋನನ್ನು ನನ್ನ ಕೈಯಿಂದ ತೆಗೆದುಕೊಂಡಳು. ಅದೇ ವರ್ಷದ ಕೊನೆಯ ದಿನ, ಬೇರೊಂದು ತಂಡಕ್ಕೆ ಆಡುತ್ತಿದ್ದ ಡ್ರೂ ಬ್ರೀಸ್ ಎಂಬ ಕ್ವಾರ್ಟರ್‌ಬ್ಯಾಕ್‌ಗೆ ಚೆಂಡು ಎಸೆಯುವ ಬಲಗೈಯ ಭುಜವೇ ತಪ್ಪಿ ಹೋಯಿತಂತೆ. ಇನ್ನು ಮೊದಲಿನಂತೆ ಎಸೆಯಲಾರ ಎಂದು ಅನುಮಾನಪಟ್ಟವರೇ ಹೆಚ್ಚು. 2006ರಲ್ಲಿ ಅವನನ್ನು ಕರೆದು ಜಾಗ ಕೊಟ್ಟದ್ದು ಈ ಮುಳುಗಿ ಎದ್ದ ಊರಿನ ತಂಡ. ಹನ್ನೆರಡು ವರ್ಷ ಕಳೆದು, ನಾವು ನೋಡುತ್ತಿದ್ದ ಹಾಗೇ, ಅವನು ಟ್ರೇಕ್ವಾನ್ ಸ್ಮಿತ್ ಎಂಬ ಎಳೆಯ ಆಟಗಾರನಿಗೆ ಒಂದು ಚೆಂಡು ಎಸೆದ. ಆ ಹುಡುಗ ಹಿಡಿದು ಓಡಿ ಗೆರೆ ದಾಟಿದ. 62 ಗಜ. ಮ್ಯಾನಿಂಗ್‌ನ 71,940ರ ದಾಖಲೆ ಅಲ್ಲಿಗೆ ಹಿಂದೆ ಬಿತ್ತು. ಆಟ ನಿಲ್ಲಿಸಿದರು. ಬ್ರೀಸ್ ಬದಿಗೆ ಹೋಗಿ ತನ್ನ ಮಕ್ಕಳನ್ನು ತಬ್ಬಿಕೊಂಡ. ತಂಗಿ ಅಷ್ಟು ದಿನದಲ್ಲಿ ಮೊದಲ ಸಲ ತಾನಾಗಿ ಒಂದು ಪ್ರಶ್ನೆ ಕೇಳಿದಳು: "ಅಕ್ಕ, ಓಡಿದ್ದು ಆ ಹುಡುಗ, ದಾಖಲೆ ಇವನದು ಹೇಗಾಯಿತು?"

ಆ ಪ್ರಶ್ನೆ ಅಂದಿನಿಂದ ನನ್ನ ಜೊತೆಗಿದೆ. ಉತ್ತರವನ್ನು ಕೇಳಿ, ಓದಿ ತಿಳಿದುಕೊಂಡಿದ್ದೇನೆ.

ಹಾಕಿ ಗೊತ್ತಿರುವವರಿಗೆ ಕ್ವಾರ್ಟರ್‌ಬ್ಯಾಕ್ ಅಂದರೆ ಹತ್ತಿರ ಹತ್ತಿರ ನಮ್ಮ ಸೆಂಟರ್ ಹಾಫ್, ಮೈದಾನದ ನಡುವೆ ನಿಂತು ಮುಂದಿನವರಿಗೆ ಚೆಂಡು ಹಂಚುವವನು. ಚೆಂಡು ಮೊದಲು ಅವನ ಕೈಗೆ ಬರುತ್ತದೆ, ಅವನು ತಲೆ ಎತ್ತಿ ನೋಡಿ ಯಾರಿಗೆ ಕೊಡಬೇಕೆಂದು ಎರಡು ಮೂರು ಸೆಕೆಂಡಿನಲ್ಲಿ ತೀರ್ಮಾನಿಸಬೇಕು, ಅಷ್ಟರೊಳಗೆ ಎದುರಾಳಿಗಳು ಅವನನ್ನು ಕೆಡವಲು ನುಗ್ಗುತ್ತಿರುತ್ತಾರೆ. ಆಟ ಶುರುವಾದ ಗೆರೆಯಿಂದ, ಚೆಂಡು ಹಿಡಿದವನು ಎಲ್ಲಿ ಬೀಳುತ್ತಾನೋ ಅಲ್ಲಿಯವರೆಗಿನ ದೂರ ಎಸೆದವನ ಖಾತೆಗೆ ಹೋಗುತ್ತದೆ. ಐದು ಗಜ ಎಸೆದು, ಹಿಡಿದವನು ಐವತ್ತೇಳು ಗಜ ಓಡಿದರೂ ಅದು 62 ಗಜದ ಪಾಸ್. ಆದರೆ ಅದೇ 62 ಗಜವನ್ನು ಹಿಡಿದವನ ಹೆಸರಿನಲ್ಲೂ ಬರೆಯುತ್ತಾರೆ. ಜೆರ್ರಿ ರೈಸ್ ಎಂಬ ಆಟಗಾರ ಚೆಂಡು ಹಿಡಿದು ಸಂಪಾದಿಸಿದ 22,895 ಗಜಗಳು ಅವನ ಲೆಕ್ಕದಲ್ಲೂ ಇವೆ, ಅವನಿಗೆ ಎಸೆದ ಜೋ ಮೊಂಟಾನಾ, ಸ್ಟೀವ್ ಯಂಗ್ ಮೊದಲಾದವರ ಲೆಕ್ಕದಲ್ಲೂ ಇವೆ. ಒಂದು ಚೆಂಡು, ಎರಡು ಪುಸ್ತಕ. ಯಾರ ಪಾಲನ್ನೂ ಕಿತ್ತು ಇನ್ನೊಬ್ಬರಿಗೆ ಕೊಡುವುದಿಲ್ಲ. ಒಬ್ಬ ಆಟಗಾರ ಕೊಟ್ಟದ್ದನ್ನೆಲ್ಲ ಇಪ್ಪತ್ತು ಮೂವತ್ತು ವರ್ಷ ಬಿಡದೆ ಕೂಡಿಸಿಕೊಂಡು ಬಂದಿದ್ದಾರೆ ಎಂಬುದೇ ನನಗೆ ಆ ಪಟ್ಟಿಯಲ್ಲಿ ಕಾಣುವ ದೊಡ್ಡ ವಿಷಯ. ಬ್ರೇಡಿಯ 89,214 ಗಜ ಅಂದರೆ 81 ಕಿಲೋಮೀಟರಿಗೂ ಹೆಚ್ಚು. ಕುಶಾಲನಗರದಿಂದ ಹೊರಟರೆ ಮೈಸೂರಿನ ಹೊಸ್ತಿಲಿಗೆ ಬಂದಂತೆ. ಅಷ್ಟೂ ದೂರ, ಕೊಟ್ಟ ಚೆಂಡಿನ ಲೆಕ್ಕ.

ಹಾಗೆಂದು ಮೊತ್ತವೊಂದನ್ನೇ ನೋಡಿ ದೊಡ್ಡವರು ಚಿಕ್ಕವರು ಎನ್ನುವುದೂ ಸರಿಯಲ್ಲ. ಬ್ರೇಡಿ ಆಡಿದ್ದು 23 ವರ್ಷ, 335 ಪಂದ್ಯ. ಬ್ರೀಸ್ 287 ಪಂದ್ಯ. ಪಂದ್ಯಕ್ಕೆ ಭಾಗಿಸಿದರೆ ಬ್ರೀಸ್‌ಗೆ ಸುಮಾರು 280 ಗಜ, ಬ್ರೇಡಿಗೆ 266. ಮ್ಯಾನಿಂಗ್‌ಗೂ ಫಾರ್ವ್‌ಗೂ ನಡುವೆ ಇರುವುದು 102 ಗಜ, ಅವರ ಮೈದಾನದ ಗೋಲುಗೆರೆಯಿಂದ ಗೋಲುಗೆರೆಗೆ 100 ಗಜ, ಅದಕ್ಕಿಂತ ಎರಡೇ ಹೆಚ್ಚು. ಆದರೆ ಫಾರ್ವ್ ಎಸೆದ ಚೆಂಡುಗಳು 10,169, ಮ್ಯಾನಿಂಗ್ 9,380. ಜಾನಿ ಯುನೈಟಸ್ 1956ರಿಂದ 1973ರವರೆಗೆ ಆಡಿ ಗಳಿಸಿದ್ದು 40,239 ಗಜ. ಆಗ ವರ್ಷಕ್ಕೆ 12, ಆಮೇಲೆ 14 ಪಂದ್ಯ. 1978ರಲ್ಲಿ ಅದು 16 ಆಯಿತು, 2021ರಲ್ಲಿ 17. ಚೆಂಡು ಹಿಡಿಯಲು ಓಡುವವನನ್ನು ಐದು ಗಜ ದಾಟಿದ ಮೇಲೆ ತಡೆದು ತಳ್ಳಬಾರದೆಂಬ ನಿಯಮ ಬಂದದ್ದೂ 1978ರಲ್ಲೇ. ಅದಾದ ಮೇಲೆ ಎಸೆತಗಾರರ ಕಾಲ ಶುರುವಾಯಿತು. ಡ್ಯಾನ್ ಮರೀನೋ 1984ರಲ್ಲಿ ಒಂದೇ ಋತುವಿನಲ್ಲಿ 5,084 ಗಜ ಎಸೆದ. ಯುನೈಟಸ್‌ನನ್ನು ಈಗಿನವರ ಕೆಳಗೆ ಇಡುವ ಪಟ್ಟಿಯಲ್ಲಿ ಇಷ್ಟಾದರೂ ಒಂದು ಸಾಲು ಇರಬೇಕಿತ್ತು ಎಂಬುದು ನನ್ನ ಸಣ್ಣ ಆಕ್ಷೇಪ.

ಮಳೆ ಅಳೆದು ಬರೆದಿಡುವ ನಮ್ಮೂರಿನವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಅಪ್ಪ ಮಳೆಮಾಪಕದ ನೀರನ್ನು ದಿನಾ ಬೆಳಿಗ್ಗೆ ಇಂಚು, ಸೆಂಟ್ ಲೆಕ್ಕದಲ್ಲಿ ಪುಸ್ತಕಕ್ಕೆ ಏರಿಸುತ್ತಿದ್ದರು. ಮಾರ್ಚಿಯಲ್ಲಿ ಹೂಮಳೆಯಾಗಿ ಬಿದ್ದ ಒಂದು ಇಂಚು ವರ್ಷದ ಬೆಳೆಯನ್ನೇ ಕೊಡುತ್ತದೆ. ಅದೇ ಒಂದು ಇಂಚು ಕಣದಲ್ಲಿ ಕಾಫಿ ಒಣಗುತ್ತಿರುವಾಗ ಬಿದ್ದರೆ ಕಣ್ಣೀರು. ವರ್ಷದ ಮೊತ್ತದಲ್ಲಿ ಎರಡೂ ಒಂದೊಂದು ಇಂಚೇ. ಮ್ಯಾನಿಂಗ್ ಫಾರ್ವ್‌ನ ದಾಖಲೆ ದಾಟಿದ 2015ರ ನವೆಂಬರ್ 15ನ್ನೇ ನೋಡಿ. ಬೇಕಿದ್ದದ್ದು ಮೂರು ಗಜ. ಸಿಕ್ಕಿತು. ಆದರೆ ಅವತ್ತು ಅವನು ಒಟ್ಟು ಎಸೆದ 20ರಲ್ಲಿ ತನ್ನವರಿಗೆ ತಲುಪಿದ್ದು ಐದು, ಎದುರಾಳಿಗಳ ಕೈಗೆ ಹೋದದ್ದು ನಾಲ್ಕು, ಒಟ್ಟು ಗಳಿಸಿದ್ದು 35 ಗಜ. ಪಂದ್ಯ ಮುಗಿಯುವ ಮುಂಚೆಯೇ ಕೋಚ್ ಅವನನ್ನು ಹೊರಗೆ ಕೂರಿಸಿದರು. ದಾಖಲೆಯ ದಿನ ಹೀಗೆ. ಅದೇ ಋತುವಿನ ಕೊನೆಗೆ ಅವನ ತಂಡ ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಗೆದ್ದಿತು, ಅವನು ನಿವೃತ್ತನಾದ. ಆ 35 ಗಜವೂ 71,940ರೊಳಗೆ ಇದೆ.

ಈಗ ನನ್ನ ತಮ್ಮನ ವಿಷಯಕ್ಕೆ ಬರುತ್ತೇನೆ. ಈ ಪತ್ರಕ್ಕೆ ಕಾರಣ ಅವನೇ.

ಅವನು ಎಂಬತ್ತರ ದಶಕದಲ್ಲಿ ಸೆಂಟರ್ ಹಾಫ್ ಆಡುತ್ತಿದ್ದ. ಚೆಂಡು ತನ್ನ ಬಳಿ ಬರುವ ಮುಂಚೆ ಒಮ್ಮೆ ಹಿಂದಕ್ಕೆ ತಿರುಗಿ ನೋಡುವುದು ಅವನ ಅಭ್ಯಾಸ. ಆಮೇಲೆ ಸ್ಟಿಕ್ಕನ್ನು ನೆಲಕ್ಕೆ ಒರಗಿಸಿ ಚೆಂಡನ್ನು ನಿಲ್ಲಿಸಿ, ಮುಖ ಬಲಕ್ಕೆ ಮಾಡಿ ಎಡಕ್ಕೆ ತಳ್ಳುತ್ತಿದ್ದ. ಇಬ್ಬರು ಫುಲ್‌ಬ್ಯಾಕ್‌ಗಳ ನಡುವೆ ಒಂದು ಗೇಣು ಜಾಗ ಸಿಕ್ಕರೆ ಸಾಕು, ಚೆಂಡು ಅಲ್ಲಿ ನುಸುಳಿ ಡಿ ಎಂಬ ಗೋಲಿನ ಮುಂದಿನ ಅರ್ಧವೃತ್ತದೊಳಗೆ ನಮ್ಮ ಫಾರ್ವರ್ಡ್‌ನ ಮುಂದೆ ಹೋಗಿ ನಿಲ್ಲುತ್ತಿತ್ತು. ಜೋರಾಗಿ ಅಲ್ಲ, ಹೊಡೆಯಲು ಎಷ್ಟು ಬೇಕೋ ಅಷ್ಟೇ ವೇಗದಲ್ಲಿ. ಜನ ಎದ್ದು ಕೂಗುತ್ತಿದ್ದದ್ದು ಗೋಲು ಬಿದ್ದ ಮೇಲೆ. ಅಷ್ಟು ಹೊತ್ತಿಗೆ ಅವನು ಬೆನ್ನು ತಿರುಗಿಸಿ ತನ್ನ ಜಾಗಕ್ಕೆ ನಡೆಯುತ್ತಿರುತ್ತಿದ್ದ.

1983ರಲ್ಲಿ ನಾನು 200 ಪುಟದ ಒಂದು ನೋಟ್‌ಬುಕ್ ಕೊಂಡು ಎಡಪುಟದಲ್ಲಿ ಗೋಲು ಹೊಡೆದವರು, ಬಲಪುಟದಲ್ಲಿ ಚೆಂಡು ಕೊಟ್ಟವರು ಎಂದು ಬರೆಯತೊಡಗಿದೆ. ಮೊದಲ ವರ್ಷ ಶಾಯಿ ಪೆನ್ನು. ಮಳೆಹನಿ ಬಿದ್ದು ಎರಡು ಪಂದ್ಯದ ಬಲಪುಟ ನೀಲಿ ಕಲೆಯಾಗಿ ಹೋಯಿತು. ಅಲ್ಲಿಂದ ಮುಂದೆ ಪೆನ್ಸಿಲ್. ಹುಡುಗಿಯೊಬ್ಬಳು ಬರೆಯುತ್ತ ಕೂತಿರುವುದನ್ನು ಜನ ತಿರುಗಿ ತಿರುಗಿ ನೋಡುತ್ತಿದ್ದರು.

1986ರಲ್ಲಿ ತಮ್ಮನಿಗೆ ಕ್ರೀಡಾ ಕೋಟಾದಲ್ಲಿ ಒಂದು ಕೆಲಸಕ್ಕೆ ಸಂದರ್ಶನದ ಕರೆ ಬಂತು. ಯಾವ ಸಂಸ್ಥೆ ಎಂಬುದು ಈಗ ಬೇಡ. ಪತ್ರಿಕೆಗಳ ತುಣುಕುಗಳನ್ನು ಅಂಟಿಸಿದ ಫೈಲು ಹಿಡಿದು ಹೋದ. ಕೇಳಿದ ಮೊದಲ ಪ್ರಶ್ನೆ, "ಎಷ್ಟು ಗೋಲು ಹೊಡೆದಿದ್ದೀಯಪ್ಪ?" ಅವನು, "ಮೂರು ಸಾರ್" ಅಂದ. "ಮೂರೇ?" ಎಂದು ಫೈಲು ಮಗುಚಿಟ್ಟರಂತೆ. ಆ ಕೆಲಸ ಸಿಕ್ಕಿದ್ದು ಅದೇ ತಂಡದ ಫಾರ್ವರ್ಡ್‌ಗೆ. ಅವನ ಗೋಲುಗಳು 19. ನನ್ನ ನೋಟ್‌ಬುಕ್ಕಿನ ಬಲಪುಟದ ಪ್ರಕಾರ ಆ 19ರಲ್ಲಿ 11 ನನ್ನ ತಮ್ಮ ಕೊಟ್ಟ ಚೆಂಡಿನವು. ಆ ಹುಡುಗನ ಮೇಲೆ ನಮಗೆ ಅವತ್ತೂ ಸಿಟ್ಟಿರಲಿಲ್ಲ, ಇವತ್ತೂ ಇಲ್ಲ. ಕೆಲಸದ ಪತ್ರ ಬಂದ ದಿನ ಅವನೇ ನಮ್ಮ ಮನೆಗೆ ಬಂದು, ತಮ್ಮನ ಕೈ ಹಿಡಿದುಕೊಂಡು, ಮಾತಿಲ್ಲದೆ ಸಂಜೆವರೆಗೆ ಜಗಲಿಯಲ್ಲಿ ಕೂತಿದ್ದ. ನಾನು ನೋಟ್‌ಬುಕ್ ತೆಗೆದುಕೊಂಡು ಆ ಸಂಸ್ಥೆಗೇ ಹೋಗಿ ಬರುತ್ತೇನೆ ಅಂದೆ. ತಮ್ಮ ತಡೆದ. "ಬೇಡ ಅಕ್ಕ. ಅಕ್ಕ ಬರೆದಿಟ್ಟ ಲೆಕ್ಕವನ್ನು ಯಾರು ಒಪ್ಪುತ್ತಾರೆ?"

ಅವನು ಹೇಳಿದ್ದು ಸರಿ. ಮನೆಯವರು ಬರೆದದ್ದು ಲೆಕ್ಕವಾಗುವುದಿಲ್ಲ. ಮೈದಾನದ ಟೇಬಲ್ಲಿನಲ್ಲಿ ಕೂತವರು ಬರೆದು, ಪತ್ರಿಕೆಯಲ್ಲಿ ಅಚ್ಚಾದರೆ ಮಾತ್ರ ಅದು ಲೆಕ್ಕ. ಅದಕ್ಕೇ ನಾನು ತಮ್ಮ ಪತ್ರಿಕೆಯ ಬಾಗಿಲಿಗೆ ಬಂದಿದ್ದೇನೆ.

ಅಮೆರಿಕದ ಲೆಕ್ಕದ ಪುಸ್ತಕವೂ ಎಲ್ಲರಿಗೂ ನ್ಯಾಯ ಮಾಡಿದೆ ಎಂದು ನಾನು ಹೇಳುತ್ತಿಲ್ಲ. ವಾರನ್ ಮೂನ್ ಎಂಬ ಕರಿಯ ಕ್ವಾರ್ಟರ್‌ಬ್ಯಾಕ್ 1978ರಲ್ಲಿ ಕಾಲೇಜಿನ ಅತಿ ದೊಡ್ಡ ಪಂದ್ಯಗಳಲ್ಲೊಂದಾದ ರೋಸ್ ಬೌಲ್ ಗೆದ್ದು, ಅದರಲ್ಲಿ ಶ್ರೇಷ್ಠ ಆಟಗಾರ ಎನಿಸಿಕೊಂಡರೂ, ಹೊಸ ಆಟಗಾರರನ್ನು ತಂಡಗಳು ಆರಿಸಿಕೊಳ್ಳುವ ಆ ವರ್ಷದ ಆಯ್ಕೆಯಲ್ಲಿ ಅಮೆರಿಕದ ವೃತ್ತಿಪರ ಲೀಗಾದ ಎನ್‌ಎಫ್‌ಎಲ್‌ನ ಒಂದು ತಂಡವೂ ಅವನ ಹೆಸರು ಕೂಗಲಿಲ್ಲ. ಕರಿಯರನ್ನು ಆ ಜಾಗದಲ್ಲಿ ನಿಲ್ಲಿಸಲು ಮನಸ್ಸು ಬಾರದ ಕಾಲ ಅದು. ಅವನು ಕೆನಡಾದ ಎಡ್ಮಂಟನ್‌ಗೆ ಹೋಗಿ ಆರು ವರ್ಷ ಆಡಿ 21,228 ಗಜ ಎಸೆದ. ಆಮೇಲೆ ಎನ್‌ಎಫ್‌ಎಲ್‌ಗೆ ಬಂದು 49,325 ಎಸೆದ. ಎರಡೂ ಸೇರಿದರೆ 70,553. ತಾವು ಹಾಕಿದಂಥ ಪಟ್ಟಿಗಳಲ್ಲಿ ಆ ಆರು ವರ್ಷ ಲೆಕ್ಕಕ್ಕೆ ಬರುವುದಿಲ್ಲ, ಅದು ಬೇರೆ ಲೀಗಿನ ಪುಸ್ತಕ. ಆದರೂ ಆ ಪುಸ್ತಕ ಅಂತೊಂದು ಇದ್ದದ್ದರಿಂದಲೇ ಇವತ್ತು ಯಾರು ಬೇಕಾದರೂ ಎರಡನ್ನೂ ಕೂಡಿಸಿ ನೋಡಬಹುದು. ನನ್ನ ತಮ್ಮನದು ಕೂಡಿಸೋಣವೆಂದರೆ ಅಕ್ಕನ ಪೆನ್ಸಿಲ್ ಬಿಟ್ಟು ಬೇರೇನಿದೆ?

ಯಾರು ಕೊಟ್ಟರು ಎಂದು ನಿರ್ಧರಿಸುವುದು ಕಷ್ಟ, ಜಗಳ ಬರುತ್ತದೆ ಎನ್ನಬಹುದು. ಬರಲಿ. 2013ರಲ್ಲಿ ಮ್ಯಾನಿಂಗ್ ಒಂದು ಋತುವಿನಲ್ಲಿ 5,477 ಗಜ ಎಸೆದು, ಬ್ರೀಸ್‌ನ 5,476ನ್ನು ಒಂದೇ ಗಜದಿಂದ ದಾಟಿದ. ಆ ಕೊನೆಯ ಪಂದ್ಯದಲ್ಲಿ ಎರಿಕ್ ಡೆಕರ್‌ಗೆ ಕೊಟ್ಟ ಏಳು ಗಜದ ಪಾಸ್ ಒಂದಿತ್ತು. ಅದು ಮುಂದಕ್ಕೆ ಹೋಯಿತೋ ಹಿಂದಕ್ಕೆ ಹೋಯಿತೋ ಎಂಬ ಅನುಮಾನ ಎದ್ದಿತು. ಹಿಂದಕ್ಕೆ ಕೊಟ್ಟದ್ದಾದರೆ ಅದು ಪಾಸಿನ ಲೆಕ್ಕಕ್ಕೆ ಬಾರದು, ದಾಖಲೆಯೇ ಹೋಗುತ್ತದೆ. ಪಂದ್ಯ ಮುಗಿದ ಮೇಲೆ ಲೆಕ್ಕಿಗರು ಚಿತ್ರವನ್ನು ಮತ್ತೆ ನೋಡಿ, ಮುಂದಕ್ಕೇ ಹೋಗಿದೆ ಎಂದು ತೀರ್ಪು ಕೊಟ್ಟರು. ಲೆಕ್ಕ ಇಡುವ ಕಡೆ ತಿದ್ದುವ ದಾರಿಯೂ ಇರುತ್ತದೆ. ಈಗ ನಮ್ಮ ಹಬ್ಬದ ಪಂದ್ಯಗಳನ್ನೂ ಮೊಬೈಲಿನಲ್ಲಿ ಚಿತ್ರೀಕರಿಸದವರಿಲ್ಲ.

ಜಾಗದ ಅಭಾವ ಎಂದೂ ಹೇಳಬಹುದು. ಆದರೆ ಕ್ರಿಕೆಟ್ ಸ್ಕೋರ್‌ಬೋರ್ಡಿನಲ್ಲಿ ತಾವು ಪ್ರತಿದಿನ ಒಂದು ವಿಕೆಟ್ಟಿಗೆ ಎರಡು ಹೆಸರು ಹಾಕುತ್ತೀರಿ. ಕ್ಯಾಚ್ ಹಿಡಿದವರದು ಒಂದು, ಬೌಲ್ ಮಾಡಿದವರದು ಒಂದು. ಅದಕ್ಕೆ ಜಾಗ ಸಿಗುತ್ತದೆ. ಹಾಕಿಗೆ ಯಾಕೆ ಸಿಗಬಾರದು? ಪೆನಾಲ್ಟಿ ಕಾರ್ನರನ್ನೇ ತೆಗೆದುಕೊಳ್ಳಿ. ಒಬ್ಬರು ಗೆರೆಯಿಂದ ಚೆಂಡು ತಳ್ಳುತ್ತಾರೆ. ಇನ್ನೊಬ್ಬರು ಡಿ ಅಂಚಿನಲ್ಲಿ ಬಗ್ಗಿ, ಬೆರಳು ಜಜ್ಜಿಹೋದರೂ ಸರಿಯೆಂದು ಸ್ಟಿಕ್ಕನ್ನು ನೆಲಕ್ಕೆ ಒತ್ತಿ ಚೆಂಡನ್ನು ಅಲ್ಲಾಡದಂತೆ ನಿಲ್ಲಿಸುತ್ತಾರೆ. ಮೂರನೆಯವರು ಹೊಡೆಯುತ್ತಾರೆ. ಕೊಡಗು ಭಾರತಕ್ಕೆ ವಿ.ಆರ್. ರಘುನಾಥ್‌ರಂಥ ಡ್ರ್ಯಾಗ್ ಫ್ಲಿಕ್ಕರ್‌ನನ್ನು ಕೊಟ್ಟ ನಾಡು. ಅವರ ಹೆಸರು ಎಲ್ಲರಿಗೂ ಗೊತ್ತು, ಗೊತ್ತಿರಬೇಕಾದದ್ದೇ. ಆದರೆ ಅವರಿಗೆ ಚೆಂಡು ನಿಲ್ಲಿಸಿಕೊಟ್ಟವರು ಯಾರೆಂದು ನನ್ನ ವಿದ್ಯಾರ್ಥಿಗಳನ್ನು ಕೇಳಿದರೆ ತಲೆ ಕೆರೆದುಕೊಳ್ಳುತ್ತಿದ್ದರು. ಸೋಮವಾರಪೇಟೆಯ ಎಸ್.ವಿ. ಸುನಿಲ್ ಬದಿಯಲ್ಲಿ ಮಿಂಚಿನಂತೆ ಓಡಿ ಒಳಗೆ ಕೊಟ್ಟ ಚೆಂಡುಗಳಿಂದ ಬೇರೆಯವರು ಹೊಡೆದ ಗೋಲುಗಳನ್ನು ನಾವೆಲ್ಲ ಟಿವಿಯಲ್ಲಿ ಕಣ್ಣಾರೆ ನೋಡಿದ್ದೇವೆ. ಮರುದಿನದ ಪತ್ರಿಕೆಯ ಪಟ್ಟಿಯಲ್ಲಿ ಹೆಸರು ಹೊಡೆದವರದು ಮಾತ್ರ.

ಶಾಲೆಯಲ್ಲಿದ್ದಷ್ಟೂ ವರ್ಷ ನಮ್ಮ ಮಕ್ಕಳ ಪಂದ್ಯಗಳಿಗೆ ನಾನು ಬಲಪುಟ ಬಿಡದೆ ಬರೆದೆ. ಸೋಮವಾರದ ಪ್ರಾರ್ಥನೆಯ ಸಾಲಿನಲ್ಲಿ ಗೋಲು ಹೊಡೆದ ಹುಡುಗಿಯ ಜೊತೆಗೆ ಚೆಂಡು ಕೊಟ್ಟವಳನ್ನೂ ಮುಂದಕ್ಕೆ ಕರೆಯುತ್ತಿದ್ದೆ. ಒಂದೆರಡು ತಿಂಗಳಲ್ಲಿ ಆಟವೇ ಬದಲಾಗುತ್ತಿತ್ತು. ಡಿ ಒಳಗೆ ಹೋದ ಕೂಡಲೇ ಕಣ್ಣುಮುಚ್ಚಿ ಬೀಸುತ್ತಿದ್ದವರು ತಲೆ ಎತ್ತಿ ಪಕ್ಕದಲ್ಲಿ ಯಾರಿದ್ದಾರೆಂದು ನೋಡತೊಡಗುತ್ತಿದ್ದರು. ಇದನ್ನು ನಾನು ಒಂದಲ್ಲ, ಹಲವು ತಂಡಗಳಲ್ಲಿ ಕಂಡಿದ್ದೇನೆ.

ನನ್ನ ಕೋರಿಕೆ ಇಷ್ಟೇ. ಬರುವ ಏಪ್ರಿಲ್‌ನಲ್ಲಿ ಹಾಕಿ ಹಬ್ಬ ಶುರುವಾದಾಗ ತಮ್ಮ ವರದಿಗಾರರು ಪ್ರತಿ ಗೋಲಿನ ಮುಂದೆ ಚೆಂಡು ಕೊಟ್ಟವರ ಹೆಸರನ್ನೂ ಬರೆದುಕೊಳ್ಳಲಿ. ಎಲ್ಲ ಪಂದ್ಯಗಳಿಗೂ ಆಗದಿದ್ದರೆ ಕ್ವಾರ್ಟರ್ ಫೈನಲ್‌ನಿಂದ ಮುಂದಕ್ಕಾದರೂ ಆಗಲಿ. ಪಂದ್ಯ ನಡೆಸುವವರು ಟೇಬಲ್ಲಿನ ಸ್ಕೋರ್ ಹಾಳೆಯಲ್ಲಿ ಒಂದು ಕಾಲಂ ಹೆಚ್ಚು ಗೆರೆ ಎಳೆಯಲಿ. ಕೂತು ಬರೆಯಲು ಜನ ಇಲ್ಲವೆಂದರೆ ನಾನಿದ್ದೇನೆ, ದಿನವಿಡೀ ಕೂರುತ್ತೇನೆ, ಸಂಬಳ ಬೇಡ. ನಾನು ಪಾಠ ಹೇಳಿದ ನಾಲ್ಕೈದು ಹುಡುಗಿಯರೂ ಬರುತ್ತೇವೆ ಎಂದು ಒಪ್ಪಿದ್ದಾರೆ.

ನನ್ನ ತಮ್ಮ ಈಗ ಮೂರು ಎಕರೆ ಕಾಫಿ, ಕರಿಮೆಣಸು ನೋಡಿಕೊಂಡಿದ್ದಾನೆ. ಪಂದ್ಯ ಇದ್ದರೆ ಬರುತ್ತಾನೆ. ಎಲ್ಲರೂ ಗೋಲಿನ ಹಿಂದೆ ಜಾಗ ಹಿಡಿದರೆ ಅವನು ಮಧ್ಯಗೆರೆಯ ಎದುರು ನಿಲ್ಲುತ್ತಾನೆ. ಈ ಪತ್ರ ಬರೆಯುತ್ತಿದ್ದೇನೆಂದು ಅವನಿಗೆ ಹೇಳಿಲ್ಲ. ತಮ್ಮ ಪತ್ರಿಕೆ ನಮ್ಮ ಮನೆಗೆ ಬೆಳಿಗ್ಗೆ ಎಂಟರ ಬಸ್ಸಿಗೆ ಬರುತ್ತದೆ, ಮೊದಲು ಬಿಡಿಸುವವನು ಅವನೇ, ಬಿಡಿಸುವುದೂ ಕ್ರೀಡಾಪುಟದಿಂದ.

ಇತಿ,
ನಿವೃತ್ತ ದೈಹಿಕ ಶಿಕ್ಷಕಿ,
ನಾಪೋಕ್ಲು, ಕೊಡಗು